ಹನ್ನೆರಡನೆಯ ಭೇಟಿ

ಇಂದುಶೇಖರ ನಾಚಿಕೆಯಿಲ್ಲದ ಮನುಷ್ಯ. ಹದಿನಾರು ವರ್ಷಗಳಿಂದ ಅವನನ್ನು ಬಲ್ಲೆ. ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಮದುವೆಯ ಊಟಕ್ಕೆ ಕೂತವರ ಎಡಗೈಗೆ ವಿಸಿಟಿಂಗ್ ಕಾರ್ಡ್ ತುರುಕುವವನು. ವೈಕುಂಠ ಸಮಾರಾಧನೆಗೆ ಬಂದವರನ್ನೂ ಯಾವ ಕಂಪನಿ, ಯಾವ ಹುದ್ದೆ ಎಂದು ವಿಚಾರಿಸುವವನು. ಪಂಪುಗಳಲ್ಲಿ ಸೋರಿಕೆ ತಡೆಯುವ ರಬ್ಬರ್ ಸೀಲುಗಳನ್ನು ತಯಾರಿಸುವ ಫರೀದಾಬಾದಿನ ಸಣ್ಣ ಕಾರ್ಖಾನೆಯೊಂದರಲ್ಲಿ ಮಾರಾಟ ಅವನ ಕೆಲಸ. ಅಲ್ಲಿಂದ ಒಂದೆರಡು ಗಂಟೆ ದಾರಿಯ ಪೀತಮ್‌ಪುರದ ನಮ್ಮ ಕನ್ನಡ ಬಳಗಕ್ಕೆ ಕಾರ್ಯದರ್ಶಿಯೂ ಅವನೇ, ಏಕೆಂದರೆ ಆ ಹುದ್ದೆಗೆ ಬೇರೆ ಯಾರೂ ನಿಲ್ಲುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅವನ ಮಾಲೀಕ ಒಂದು ಸಾಫ್ಟ್‌ವೇರ್ ಆರಿಸಲು ಹೇಳಿದ. ಉದ್ಯೋಗಸ್ಥರು ತಮ್ಮ ಹುದ್ದೆ, ಅನುಭವ ಹಾಕಿಕೊಳ್ಳುವ ಜಾಲತಾಣದಲ್ಲಿ ಗುರುತಿಲ್ಲದವರಿಗೆ ತಾನಾಗಿ ಪತ್ರ ಬರೆದು ಪರಿಚಯ ಬೆಳೆಸುವಂಥದ್ದು. ಕೊನೆಗೆ ಎರಡು ಉಳಿದವು. ಇಂದುಶೇಖರ ಅವುಗಳ ಗುಣದೋಷಗಳ ಪಟ್ಟಿ ಮಾಡಿಕೊಂಡು, ಬಳಗದಲ್ಲಿ ಹಿರಿಯಳೆಂದು ನನ್ನ ಹತ್ತಿರ ತಂದ. ಒಂದು, ಪ್ರತಿ ಪತ್ರಕ್ಕೂ ಮೊದಲು ಮನುಷ್ಯನನ್ನು ಕೇಳುತ್ತದೆ; ಉತ್ತರ ಬಂದರೆ ನಿಂತು, ಓದಿ ನೋಡಿ ಎನ್ನುತ್ತದೆ. ಇನ್ನೊಂದು ಯಾರನ್ನೂ ಕೇಳುವುದಿಲ್ಲ. ಭೇಟಿಯ ದಿನ ಗೊತ್ತಾಗುವ ತನಕ ಬೆನ್ನುಹತ್ತುತ್ತದೆ, ದಿನವನ್ನೂ ತಾನೇ ಗೊತ್ತುಮಾಡುತ್ತದೆ. ಮೊದಲನೆಯದನ್ನು ತೆಗೆದುಕೊ ಎಂದೆ. ಅಚ್ಛಾ ಮೇಡಂ ಎಂದು ತಲೆಯಾಡಿಸಿ ಹೋದವನು ಎರಡನೆಯದನ್ನು ತೆಗೆದುಕೊಂಡ.

ಅಷ್ಟಕ್ಕೇ ನಿಲ್ಲಲಿಲ್ಲ. ಬಳಗದ ಸದಸ್ಯರ ಪುಸ್ತಕವನ್ನು ಫೋನ್ ನಂಬರುಗಳ ಸಮೇತ ಇಡಿಯಾಗಿ ಅದರ ಬಾಯಿಗೆ ಹಾಕಿದ; ನಂಬರು ಸಿಕ್ಕರೆ ಅದು ಫೋನಿಗೂ ಬರೆಯುತ್ತದೆ. ಆ ಪುಸ್ತಕದಲ್ಲಿ ನಮ್ಮದೊಂದು ಪದ್ಧತಿಯಿದೆ: ಆಜೀವ ಸದಸ್ಯರು ತೀರಿಕೊಂಡರೂ ಹೆಸರು ತೆಗೆಯುವುದಿಲ್ಲ. ಮನೆಯವರಿಗೆ ನೋವಾಗುತ್ತದೆಂದು ವರ್ಷವರ್ಷವೂ ಹಾಗೆಯೇ ಅಚ್ಚಾಗುತ್ತದೆ. ಯಾರು ಇದ್ದಾರೆ, ಯಾರು ಇಲ್ಲ ಎಂಬುದು ನಮಗೆಲ್ಲ ಗೊತ್ತು. ಯಂತ್ರಕ್ಕೆ ಗೊತ್ತಿರಲಿಲ್ಲ. ಕಾರ್ಯದರ್ಶಿಗೆ ಗೊತ್ತಿರಬೇಕಿತ್ತು.

ಅಶ್ವತ್ಥನಾರಾಯಣ ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಖರೀದಿ ವಿಭಾಗದ ಅಧಿಕಾರಿಯಾಗಿದ್ದು ನಿವೃತ್ತರಾದವರು. ತೀರಿಕೊಂಡು ಎರಡು ವರ್ಷವಾಯಿತು. ಸಂತಾಪ ಸೂಚನೆಯನ್ನು ಓದಿದವನು ಇದೇ ಇಂದುಶೇಖರ. ಅವರ ಹೆಂಡತಿ ದೇವಕಿ ನನ್ನ ಪಕ್ಕದ ಮನೆಯಾಕೆ. ಗಂಡನ ಫೋನನ್ನು ಇನ್ನೂ ದಿನಾ ಚಾರ್ಜ್ ಮಾಡಿಡುತ್ತಾಳೆ. ಅದು ದಂಡ ಎಂದು ನಾನು ಹೇಳಿಯಾಗಿದೆ.

ಆ ಫೋನಿಗೆ ಇಂದುಶೇಖರನ ಹೆಸರು, ಫೋಟೋ ಹೊತ್ತು ಪತ್ರಗಳು ಬರತೊಡಗಿದವು. ನಮಸ್ಕಾರ ಅಶ್ವತ್ಥನಾರಾಯಣ ಅವರೇ, ತಮ್ಮ ಅನುಭವದ ಬಗ್ಗೆ ಗೌರವವಿದೆ, ಹತ್ತು ನಿಮಿಷ ಮಾತಾಡಬಹುದೇ? ಐದು ದಿನ ಬಿಟ್ಟು, ತಾವು ಉತ್ತರಿಸಲಿಲ್ಲ, ಬಿಡುವಿಲ್ಲವೆಂದು ಕಾಣುತ್ತದೆ. ಮೂರನೆಯ ಪತ್ರಕ್ಕೆ ದೇವಕಿ ಬರೆದಳು: ಅವರು ಈಗಿಲ್ಲ, ನಿನಗೇ ಗೊತ್ತಲ್ಲಪ್ಪ. ಮರುಕ್ಷಣ ಬಂದ ಉತ್ತರ: ಬೇಗ ಸ್ಪಂದಿಸಿದ್ದಕ್ಕೆ ಧನ್ಯವಾದ, ಗುರುವಾರ ಸಂಜೆ ನಾಲ್ಕಕ್ಕೆ ಅನುಕೂಲವೇ?

ಹುಡುಗನಿಗೆ ತಪ್ಪು ಅರಿವಾಗಿದೆ, ಬಂದು ಹೋಗಬೇಕು ಅಂತಿದ್ದಾನೆ ಎಂದುಕೊಂಡು ದೇವಕಿ ಬಾ ಎಂದು ಬರೆದಳು. ಗುರುವಾರ ಅವಲಕ್ಕಿ ಒಗ್ಗರಣೆ ಮಾಡಿ, ಕುರ್ಚಿ ಒರೆಸಿ, ಕಾದಳು. ನಾಲ್ಕಕ್ಕೆ ಫೋನಿಗೆ ಒಂದು ವಿಡಿಯೊ ಲಿಂಕ್ ಬಂತು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಆರು ಗಂಟೆಗೆ ನಾನು ಹೋದಾಗ ಅವಲಕ್ಕಿ ತಟ್ಟೆ ಮುಚ್ಚಿದಂತೆಯೇ ಇತ್ತು.

ನಾನು ಆ ಫೋನು ಎತ್ತಿಕೊಂಡು ನೆಟ್ಟಗೆ ಇಂದುಶೇಖರನ ಮನೆಗೆ ಹೋದೆ. ಬಾಗಿಲು ತೆಗೆದವಳು ಮಗಳು ಮಯೂರಿ.

"ಅಜ್ಜಿ, ಪಪ್ಪಾ ಮೀಟಿಂಗ್ ಮೇ ಹೈ. ಕೂತ್ಕೊಳಿ."

"ಯಾರ ಜೊತೆ? ಬದುಕಿರೋರ ಜೊತೆ ತಾನೇ?"

ಅವನು ಎದ್ದು ಬಂದ. ನಾನು ಫೋನು ತೋರಿಸಿದೆ. ಓದಿದ, ಮುಖ ಕೆಳಗಾಯಿತು. ಆದರೂ ಬಾಯಿಂದ ಬಂದ ಮೊದಲ ಮಾತು, ಇದು ಟ್ರಯಲ್‌ನಲ್ಲಿದೆ ಮೇಡಂ ಎಂಬುದು. ಎರಡನೆಯ ಮಾತು ಇನ್ನೂ ಕೆಟ್ಟದ್ದು. ಈ ತಿಂಗಳೊಳಗೆ ಆ ಸಾಫ್ಟ್‌ವೇರ್ ಹನ್ನೆರಡು ಭೇಟಿ ಗೊತ್ತುಮಾಡಿ ತೋರಿಸಬೇಕು. ಇಲ್ಲದಿದ್ದರೆ ಅದೂ ಬೇಡ, ಆರಿಸಿದ ನೀನೂ ಬೇಡ ಎಂದು ಮಾಲೀಕ ಹೇಳಿದ್ದಾನೆ. ಮುಂದಿನ ಗುರುವಾರ ಮಧ್ಯಾಹ್ನ ಪಟ್ಟಿ ಒಪ್ಪಿಸಬೇಕು. ಹನ್ನೆರಡಾಗಿವೆ. ಹನ್ನೆರಡನೆಯ ಹೆಸರು ಅಶ್ವತ್ಥನಾರಾಯಣ.

"ತೆಗಿ ಅದನ್ನ" ಎಂದೆ.

"ತೆಗೆದ್ರೆ ಹನ್ನೊಂದೇ ಆಗುತ್ತೆ ಮೇಡಂ. ಈ ವಯಸ್ಸಲ್ಲಿ ನನಗೆ ಬೇರೆ ಕಡೆ ಯಾರು ಕೆಲಸ ಕೊಡ್ತಾರೆ?"

"ಹಂಗಾದ್ರೆ ಸತ್ತವರ ಹೆಸರಲ್ಲಿ ಉಣ್ಣು."

ಮಯೂರಿ ಚಹಾ ತಂದಿಟ್ಟಳು. ನಾನು ಚಹಾ ಮುಟ್ಟದೆ ಬಂದೆ. ಆ ವಾರವಿಡೀ ನನ್ನ ಸಿಟ್ಟು ಇಳಿಯಲಿಲ್ಲ. ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಮೂರ್ಖತನ. ಆರಿಸಿದವನು ಮನುಷ್ಯ, ಅದೂ ತಿಳಿದೂ ತಿಳಿದೂ.

ಮುಂದಿನ ಗುರುವಾರ ನಾನು ದೇವಕಿಯ ಮನೆಯಲ್ಲಿದ್ದೆ. ಸರಿಯಾಗಿ ನಾಲ್ಕಕ್ಕೆ ಕರೆಗಂಟೆ ಸದ್ದಾಯಿತು. ಇಂದುಶೇಖರ ಟೈ ಕಟ್ಟಿಕೊಂಡು, ಕೈಯಲ್ಲಿ ಸ್ಯಾಂಪಲ್ ಪೆಟ್ಟಿಗೆ ಹಿಡಿದು ನಿಂತಿದ್ದ. ಸುಳ್ಳು ಭೇಟಿಯನ್ನು ನಿಜ ಮಾಡಿಕೊಳ್ಳಲು ಬಂದಿದ್ದಾನೆ ಎಂದು ನನಗೆ ಮೈಯುರಿಯಿತು.

"ಸಂಖ್ಯೆ ಭರ್ತಿ ಮಾಡ್ಕೊಳ್ಳೋಕೆ ಬಂದೆಯಾ?" ಎಂದು ಕೇಳಿದೆ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಕಳೆದ ವಾರ ಬರದಿದ್ದಕ್ಕೆ ದೇವಕಿ ಅವನನ್ನು ಬೈಯಲಿಲ್ಲ. "ಅವರ ಹತ್ತಿರ ಏನೋ ಮಾತಾಡೋದಿತ್ತಲ್ಲ, ನನಗೇ ಹೇಳು" ಎಂದಳು. ಅವನು ಪೆಟ್ಟಿಗೆ ತೆರೆದು ಸೀಲುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಯಾವುದು ಬಿಸಿನೀರಿಗೆ, ಯಾವುದು ಎಣ್ಣೆಗೆ, ಯಾವುದು ಬೇಗ ಸೀಳುತ್ತದೆ ಎಂದು, ದೊಡ್ಡ ಅಧಿಕಾರಿಯ ಮುಂದೆ ಕೂತವನಂತೆ ಹತ್ತು ನಿಮಿಷ ಹೇಳಿದ. ಖರೀದಿ ಅಧಿಕಾರಿಯ ಹೆಂಡತಿ ತಾನೇ. ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳಿದಳು. ಎರಡು ವರ್ಷ ಆಂಟಿ, ಆದರೆ ಒಂದೂವರೆಗೇ ಬದಲಾಯಿಸುವುದು ಒಳ್ಳೆಯದು ಎಂದ.

ಪೆಟ್ಟಿಗೆಯ ತಳದಲ್ಲಿ ಒಂದು ಹಾಳೆಯಿತ್ತು. ಕೇಳದೆ ಎತ್ತಿಕೊಂಡೆ. ಕಾರ್ಖಾನೆಗೆ ಒಪ್ಪಿಸಿದ ಪಟ್ಟಿಯ ಪ್ರತಿ. ಅಂದು ಮಧ್ಯಾಹ್ನ ಹನ್ನೆರಡು ಗಂಟೆಯ ಸ್ವೀಕೃತಿ ಮುದ್ರೆ ಬಿದ್ದಿತ್ತು. ಕೊನೆಯ ಹೆಸರಿನ ಮೇಲೆ ಪೆನ್ನಿನ ಗೆರೆ, ಪಕ್ಕದಲ್ಲಿ ಅವನ ಕೈಬರಹ: ಇವರು ತೀರಿಕೊಂಡಿದ್ದಾರೆ, ನನಗೆ ಗೊತ್ತಿತ್ತು.

ನಾನು ಹಾಳೆಯನ್ನು ಇದ್ದಲ್ಲೇ ಇಟ್ಟೆ. ದೇವಕಿ ಅವಲಕ್ಕಿ ತಟ್ಟೆ ಅವನ ಮುಂದಿಡುತ್ತ, "ಆಫೀಸಿಗೆ ಹೊತ್ತಾಗಲ್ವೇನೋ, ಫರೀದಾಬಾದಿಗೆ ವಾಪಸ್ ಹೋಗ್ಬೇಕಲ್ಲ?" ಎಂದಳು.

"ಇಲ್ಲ ಆಂಟಿ, ಇನ್ನು ಹೋಗ್ಬೇಕಾಗಿಲ್ಲ. ನಿಧಾನವಾಗಿ ತಿಂತೀನಿ."