ಇಳಿಯದ ಅಜ್ಜಿ

ನಾನು ಕುಮಟಾ–ಹೊನ್ನಾವರ ಬಸ್ಸಿನ ಕಂಡಕ್ಟರ್. ಅಂದರೆ ಟಿಕೆಟ್ ಕೊಡುವವನು, ಬಸ್ಸು ಓಡಿಸುವವನಲ್ಲ. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಕುಮಟೆಯ ಒಬ್ಬ ಅಜ್ಜಿ ದಿನವೂ ಹತ್ತಿ, ಹೊನ್ನಾವರದಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದರು.

"ದಿನಾ ಎಂತ ಕೆಲಸ ಅಮ್ಮಾ?" ಎಂದು ಕೇಳಿದೆ.

"ಕೆಲಸ ಎಂತದೂ ಇಲ್ಲ ತಮ್ಮಾ. ಮನೆಲಿ ಮಾತಿಗೆ ಜನ ಇಲ್ಲ, ಬಸ್ಸಲ್ಲಿ ಇರ್ತಾರೆ."

ಹೊನ್ನಾವರದಿಂದ ಹೀಗೇ ಸುಮ್ಮನೆ ಬಂದುಹೋಗುವ ಇನ್ನೊಬ್ಬ ಅಜ್ಜಿ ಇದ್ದರು. ಕುಮಟೆಯಿಂದ ವಾಪಸ್ ಹೊರಟ ಅವರನ್ನು ಇವರ ಪಕ್ಕದಲ್ಲಿ ಕೂರಿಸಿದೆ. ಕೆಲವು ದಿನಗಳಲ್ಲಿ ಇಬ್ಬರೂ ಹೊನ್ನಾವರದಲ್ಲಿ ಇಳಿದೇಬಿಟ್ಟರು. ಗಾಬರಿಯಾಗಿ ಕರೆದೆ.

"ನಿನ್ನ ಬಸ್ಸಿನ ಗಡಗಡದಲ್ಲಿ ಮಾತೇ ಕೇಳೂದಿಲ್ಲ. ಇವಳ ಮನೆಲಿ ಕೂತ್ಕಂತೇವೆ. ಸಂಜೆಗೆ ನನ್ನ ಹತ್ತಿಸ್ಕೊ," ಎಂದರು ಕುಮಟೆಯ ಅಜ್ಜಿ.

ಆತು ಎಂದೆ. ಈಗ ವಾಪಸ್ ಬರುವಾಗ ಮಾತಿಗೆ ಜನ ಇಲ್ಲದವನು ನಾನೇ. ಡ್ರೈವರ್ ಇದ್ದಾನೆ ನಿಜ; ಆದರೆ ಅವನ ಜೊತೆ ಮಾತಾಡಬಾರದು ಎಂದು ಬಸ್ಸಿನಲ್ಲೇ ಬರೆದಿದೆ.