ಕಪ್ಪಾದ ಕರಡಿಗೆ

ಕಾಶಿಗೆ ಬಂದವರು ಗಂಗೆಯಲ್ಲಿ ಮುಳುಗುತ್ತಾರೆ, ವಿಶ್ವನಾಥನ ದರ್ಶನ ಮಾಡುತ್ತಾರೆ, ತಮಗೆ ಪ್ರಿಯವಾದ ಒಂದು ಕಾಯಿಪಲ್ಲೆಯನ್ನು ಇಲ್ಲಿ ಬಿಟ್ಟು ಹೋಗುತ್ತಾರೆ. ನಾನು ಬಂದ ಎರಡನೆಯ ವಾರ ಕೊಳೆತ ಮೊಟ್ಟೆ ಹುಡುಕಿಕೊಂಡು ಹೊರಟೆ.

ಹೊರಟದ್ದು ಲಂಕಾಕ್ಕೆ. ಇಲ್ಲಿ ಲಂಕಾ ಎಂದರೆ ರಾವಣನ ಊರಲ್ಲ, ನಾನು ಓದಲು ಬಂದ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಮುಂದಿನ ಪೇಟೆ. ಪುಸ್ತಕದ ಅಂಗಡಿಗಳ ಸಾಲು ಮುಗಿಯುವಲ್ಲಿ ಒಬ್ಬ ಮುದುಕ ತಳ್ಳುಗಾಡಿಯ ಮೇಲೆ ಮೊಟ್ಟೆ ಪೇರಿಸಿಕೊಂಡು ನಿಂತಿರುತ್ತಾನೆ. ನನ್ನ ಗದಗಿನ ಹಿಂದಿಯಲ್ಲಿ, ತಿನ್ನಲಿಕ್ಕಲ್ಲ ಬಾಬಾ, ಮೂಸಲಿಕ್ಕೆ, ಕೆಟ್ಟದ್ದೊಂದು ಇದ್ದರೆ ಕೊಡು ಎಂದೆ. ಅವನು ನನ್ನ ಹಣೆಯ ವಿಭೂತಿಯನ್ನು ನೋಡಿದ, ಮೊಟ್ಟೆಗಳನ್ನು ನೋಡಿದ.

"ಕಾ ಗುರು, ಹಮ್ ಸಡಲ್ ಮಾಲ್ ಬೇಚೀಲಾ?" ಏನು ಗುರುವೇ, ನಾನು ಕೊಳೆತ ಮಾಲು ಮಾರುವವನೇ ಎಂದು. ನಮ್ಮಲ್ಲಿ ಗುರು ಎಂದರೆ ಎದ್ದು ನಿಂತು ಪಾದ ಮುಟ್ಟಬೇಕು. ಇಲ್ಲಿ ಗುರು ಎಂದರೆ ದಾರಿ ಬಿಡಬೇಕು, ಅಷ್ಟೆ. ಬಿಟ್ಟೆ.

ಈ ಹುಚ್ಚು ಹುಡುಕಾಟಕ್ಕೆ ಕಾರಣ ನಮ್ಮ ಪ್ರೊಫೆಸರು. ಮೈಸೂರಿನವರು, ಬೆಣ್ಣೆ ಸವರಿದಂಥ ಕನ್ನಡ. ಮೊದಲ ದಿನವೇ ಹೈಡ್ರೋಜನ್ ಸಲ್ಫೈಡನ್ನು ಹೇಗೆ ಗುರುತಿಸುತ್ತೀ ಎಂದು ಕೇಳಿದರು. ಕೊಳೆತ ಮೊಟ್ಟೆಯ ವಾಸನೆ ಸಾರ್ ಎಂದೆ. ಕೊಳೆತ ಮೊಟ್ಟೆ ಮೂಸಿದ್ದೀಯೇನಯ್ಯಾ ಎಂದರು. ಒಳ್ಳೆಯ ಮೊಟ್ಟೆಯನ್ನೂ ಮೂಸಿಲ್ಲ ಸಾರ್ ಎಂದೆ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದೇ ಇಲ್ಲ. ಶಾಲೆಯಿಂದ ಇಂಜಿನಿಯರಿಂಗ್ ಪದವಿಯವರೆಗೆ ಆ ವಾಸನೆಯನ್ನು ನಾನು ಬಾಯಿಪಾಠ ಮಾಡಿಯೇ ಪಾಸಾದವನು. ಪ್ರೊಫೆಸರು ನಕ್ಕು ಪ್ರಯೋಗಶಾಲೆಯ ಗ್ಯಾಸಿನ ಗಾಜಿನ ನಳ್ಳಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಮೂಗು ಮುಚ್ಚಿಕೊಂಡೆ. ಆದರೆ ಕಂಡವರ ಧ್ವನಿ, ಗತ್ತು ನಕಲು ಮಾಡುವ ಚಟದವನಿಗೆ ಅಸಲು ನೋಡದೆ ಸಮಾಧಾನವಿಲ್ಲ. ಅದಕ್ಕೇ ಲಂಕಾದ ಯಾತ್ರೆ.

ಅಸಲು ಸಿಗಲಿಲ್ಲ. ಸಿಕ್ಕವರು ನಮ್ಮ ಮಠದ ಅಡಿಗೆಯ ಚನ್ನಪ್ಪನವರು. ಕೈಚೀಲ ಹಿಡಿದು ರಸ್ತೆಯ ಆಚೆ ನಿಂತಿದ್ದರು. ಮೊಟ್ಟೆಯ ಗಾಡಿಯ ಮುಂದೆ ನಾನಿದ್ದದ್ದನ್ನು ಕಂಡರು. ಏನೂ ಕಾಣದವರಂತೆ ನಡೆದುಬಿಟ್ಟರು. ಕರೆದು ಬೈದಿದ್ದರೆ ನನ್ನ ಕಥೆಯೇ ಬೇರೆಯಾಗುತ್ತಿತ್ತು.

ಮಠದ ವಿಷಯ ಹೇಳಬೇಕು. ಹಾಸ್ಟೆಲಿನಲ್ಲಿ ಜಾಗ ಸಿಗದೆ ಹಾಸಿಗೆ ಸುರುಳಿಯ ಮೇಲೆ ಕೂತಿದ್ದ ನನಗೆ ಗೋದೌಲಿಯಾ ಚೌಕದ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಕಡೆಯ ಮಠವೇ ಒಂದು ಕೋಣೆ ಕೊಟ್ಟಿತು. ಇಷ್ಟಲಿಂಗ ಕಟ್ಟಿಕೊಂಡ ಊರಿನ ಹುಡುಗ, ಇರಲಿ ಎಂದರು. ಬೆಳಿಗ್ಗೆ ಎಲ್ಲರೊಂದಿಗೆ ಕೂತು ಲಿಂಗಪೂಜೆ, ಎರಡು ಹೊತ್ತು ಪಂಕ್ತಿಯಲ್ಲಿ ಊಟ. ಇಲ್ಲಿಯ ಜನ ಕೆಂಡದಲ್ಲಿ ಸುಟ್ಟ ಗೋಧಿ ಉಂಡೆಯನ್ನು ಬದನೆಕಾಯಿ ಚೋಖಾದೊಂದಿಗೆ ತಿನ್ನುತ್ತಾರೆ. ಅದಕ್ಕೆ ಬಾಟಿ ಎನ್ನುತ್ತಾರೆ. ಚೋಖಾ ಎಂದರೆ ನಮ್ಮ ಬದನೆಕಾಯಿ ಬಜ್ಜಿಯ ದಾಯಾದಿ. ಬಾಟಿಗೆ ನಮ್ಮಲ್ಲಿ ನೆಂಟರೇ ಇಲ್ಲ. ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟು. ಮಠದಲ್ಲಿ ಚನ್ನಪ್ಪನವರು ವಾರಕ್ಕೊಮ್ಮೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದಾಗ ನನಗೆ ಕಣ್ಣು ತುಂಬುತ್ತಿತ್ತು. ಆ ಕೋಣೆ ಹೋದರೆ ಬೇರೆ ದಿಕ್ಕಿಲ್ಲ. ಓದು ಬಿಟ್ಟು ಗದಗಿನ ರೈಲು ಹತ್ತುವುದೇ.

ಆದರೆ ನಾನು ಸುಮ್ಮನಿರುವ ಪ್ರಾಣಿಯಲ್ಲ. ಮಠದ ವ್ಯವಸ್ಥೆ ನೋಡುವವರು ಮರುಳಯ್ಯನವರು. ಊರ ಕಡೆಯಿಂದ ಅಸ್ಥಿ ತಂದವರನ್ನು ಮಣಿಕರ್ಣಿಕಾ ಘಟ್ಟಕ್ಕೆ ಕಳಿಸುವುದರಿಂದ ಹಿಡಿದು ಹಿತ್ತಲ ಕೊಳಾಯಿಯ ತನಕ ಎಲ್ಲ ಅವರದೇ. ತೀರ್ಪು ಹೇಳುವ ಮುಂಚೆ ಮೂಗಿನಿಂದ ಒಮ್ಮೆ ದೀರ್ಘವಾಗಿ ಉಸಿರೆಳೆದು, ಎರಡು ಸಲ ಕೆಮ್ಮಿ, ಹೆಗಲ ಶಾಲು ಸರಿಪಡಿಸಿಕೊಳ್ಳುತ್ತಾರೆ. ಒಂದು ಸಂಜೆ ಪಡಸಾಲೆಯಲ್ಲಿ ನಾನು ಉಸಿರೆಳೆದು, ಕೆಮ್ಮಿ, ಟವೆಲನ್ನು ಶಾಲು ಮಾಡಿಕೊಂಡು ನೊಣವೊಂದಕ್ಕೆ ಗಡೀಪಾರಿನ ತೀರ್ಪು ಕೊಟ್ಟೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಮರುಳಯ್ಯನವರೇ ನಿಂತಿದ್ದರು. ನೊಣ ತಪ್ಪಿಸಿಕೊಂಡಿತು.

ಇತ್ತ ಪ್ರಯೋಗಶಾಲೆಯ ಕೆಲಸ ಶುರುವಾಯಿತು. ಭೂಮಿಯಿಂದ ಬರುವ ಎಷ್ಟೋ ಗ್ಯಾಸಿನಲ್ಲಿ ಈ ಗಬ್ಬು ಅನಿಲ ಬೆರೆತೇ ಇರುತ್ತದೆ. ಕಚ್ಚಾ ಎಣ್ಣೆಯನ್ನು ಶುದ್ಧ ಮಾಡುವಾಗ ಅದರೊಳಗಿನ ಗಂಧಕವೂ ಇದೇ ರೂಪದಲ್ಲಿ ಹೊರಬೀಳುತ್ತದೆ. ಹಾಗೇ ಬಿಟ್ಟರೆ ಕೊಳವೆ ತಿನ್ನುತ್ತದೆ, ಆಳನ್ನೂ ತಿನ್ನುತ್ತದೆ. ಅದಕ್ಕೆ ಅಮೀನ್ ಎಂಬ ದ್ರಾವಣದಲ್ಲಿ ಗ್ಯಾಸನ್ನು ತೊಳೆಯುತ್ತಾರೆ. ದ್ರಾವಣ ಗಬ್ಬನ್ನು ಹಿಡಿದಿಟ್ಟುಕೊಂಡು ಒಳ್ಳೆಯ ಗ್ಯಾಸನ್ನು ಮುಂದೆ ಬಿಡುತ್ತದೆ. ಆ ದ್ರಾವಣ ಎಷ್ಟು ದಿನ ಬಾಳುತ್ತದೆಂದು ನೋಡುವುದು ನನ್ನ ಪಾಲಿನ ಕೆಲಸ. ಪೆಟ್ರೋಲಿನ ಬೆಲೆ ಆಕಾಶಕ್ಕೇರಿದ ಮೇಲೆ ದೇಶಕ್ಕೆಲ್ಲ ನಮ್ಮಂಥವರು ಬೇಕು ಎಂದು ಪ್ರೊಫೆಸರು ಹೇಳುತ್ತಾರೆ. ದೇಶಕ್ಕೆ ಬೇಕಾದವನ ಪಕ್ಕದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಸೈಕಲ್ ರಿಕ್ಷಾದವನು ಮೂಗಿಗೆ ಗಮಛಾ, ಎಂದರೆ ಇಲ್ಲಿಯವರ ಹೆಗಲ ಮೇಲಿನ ವಸ್ತ್ರ, ಸುತ್ತಿಕೊಂಡೇ ತುಳಿಯುತ್ತಿದ್ದ. ಅಂಗಿಯನ್ನು ಗಂಗೆಯಲ್ಲಿ ಮೂರು ಸಲ ಒಗೆದೆ. ಲೋಕದ ಪಾಪ ತೊಳೆಯುವವಳಿಗೆ ನನ್ನ ಅಂಗಿ ತೊಳೆಯಲಾಗಲಿಲ್ಲ.

ಪಂಕ್ತಿಯಲ್ಲಿ ಮೊದಲು ಒಂದು ಮೊಳ ಜಾಗ ಬಿಟ್ಟರು. ಆಮೇಲೆ ಒಂದು ಮಾರು. ಮಠದಲ್ಲಿ ಯಾರಿಗೂ ಈ ವಾಸನೆಯ ಹೆಸರು ಗೊತ್ತಿರಲಿಲ್ಲ. ಬಾಗಿಲು ಕಾಯುವ ಇಲ್ಲಿಯವನೊಬ್ಬ, ಇದು ಸಡಾ ಅಂಡಾ, ಕೊಳೆತ ಮೊಟ್ಟೆ ಎಂದು ಹೇಳಿಕೊಟ್ಟ. ಆಗ ಚನ್ನಪ್ಪನವರು ಲಂಕಾದಲ್ಲಿ ಕಂಡದ್ದನ್ನು ಹೇಳಿದರಂತೆ.

ಅಷ್ಟರಲ್ಲಿ ಕರಡಿಗೆ ಕಪ್ಪಾಯಿತು. ಲಿಂಗವಿಟ್ಟುಕೊಳ್ಳುವ ಆ ಬೆಳ್ಳಿಯ ಭರಣಿ ಅವ್ವ ಕೊಟ್ಟದ್ದು. ಬೆಳಿಗ್ಗೆ ಪೂಜೆಗೆಂದು ಅಂಗಿಯೊಳಗಿನಿಂದ ತೆಗೆದರೆ ಹಂಚಿನ ತಳದಂತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ವಿಭೂತಿ ಹಾಕಿ ಉಜ್ಜಿದೆ. ಬೆಳ್ಳಗಾಯಿತು, ಮೂರನೆಯ ದಿನಕ್ಕೆ ಮತ್ತೆ ಕಪ್ಪು. ಗಂಧಕದ ಗಾಳಿಗೆ ಬೆಳ್ಳಿ ಕಪ್ಪಾಗುವುದು ಶಾಲೆಯ ಪಾಠ. ಆದರೆ ಕೊರಳಲ್ಲಿ ಲಿಂಗವಿರುವಾಗ ಕರಡಿಗೆ ಕಪ್ಪಾದರೆ ಅದರ ಪಾಠವೇ ಬೇರೆ. ನಾನು ಮರೆಯಲ್ಲಿ ತಿಕ್ಕಿದಷ್ಟೂ ಮೊಟ್ಟೆ ತಿಂದದ್ದನ್ನು ಮುಚ್ಚಿಡುತ್ತಿದ್ದಾನೆ ಎಂದು ಮಠದವರಿಗೆ ಖಾತ್ರಿಯಾಯಿತು.

ಮರುಳಯ್ಯನವರು ಕರೆಸಿದರು. ಉಸಿರೆಳೆಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು, ನನ್ನ ವಾಸನೆಗೆ.

"ಈರಣ್ಣಾ, ಹದಿನೈದು ದಿವಸದಾಗ ಬ್ಯಾರೆ ಜಾಗಾ ನೋಡಿಕೋ ತಮ್ಮಾ. ಜಗಳಾ ಬ್ಯಾಡ."

ಮೊಟ್ಟೆ ತಿಂದಿಲ್ಲ ಎಂದೆ. ಗ್ಯಾಸು, ಗಂಧಕ, ಬೆಳ್ಳಿ, ಅಮೀನು ಎಲ್ಲ ವಿವರಿಸಿದೆ. ಪ್ರೊಫೆಸರು ಹೇಳಿಕೊಟ್ಟ ಕ್ರಮದಲ್ಲೇ ಹೇಳುತ್ತಿದ್ದುದರಿಂದಲೋ ಏನೋ, ಹಾಳು ನಾಲಗೆ ಅವರ ಮೈಸೂರು ರಾಗವನ್ನೇ ಹಿಡಿದಿತ್ತು. ಬಾಗಿಲಲ್ಲಿ ನಿಂತವರು ಮುಸಿಮುಸಿ ನಗತೊಡಗಿದರು.

"ಇದೂ ನಕಲೀನ ಏನು?" ಎಂದರು ಮರುಳಯ್ಯನವರು. ಸಿಟ್ಟಿರಲಿಲ್ಲ, ದಣಿವಿತ್ತು.

ಹುಟ್ಟಿದಾಗಿನಿಂದ ಸುಳ್ಳು ಧ್ವನಿಗಳಿಗೆಲ್ಲ ಚಪ್ಪಾಳೆ ತಟ್ಟಿಸಿಕೊಂಡವನು ನಾನು. ಒಂದು ನಿಜ ಹೇಳಹೋದರೆ ಅದಕ್ಕೂ ನಗೆ. ಊರಲ್ಲಿ ಯಾರಾದರೂ ಶಂಕಿಸಿದರೆ ಅಪ್ಪನ ಹೆಸರು ಹೇಳಿದರೆ ಸಾಕಿತ್ತು. ಇಲ್ಲಿ ನನ್ನ ಸಾಕ್ಷಿಗೆ ನಾನೇ, ನನ್ನ ನಾಲಗೆಯೇ. ಕಡೆಗೆ, ನೀವೇ ಬಂದು ನೋಡ್ರೆಪಾ ಎಂದು ಕೈಮುಗಿದೆ.

ಅವರು ಪ್ರಯೋಗಶಾಲೆಗೆ ಬಂದರು, ಅದು ಅವರ ದೊಡ್ಡತನ. ಮಠದ ತೀರ್ಥದ ಬೆಳ್ಳಿ ಚಮಚವನ್ನೂ ತಂದಿದ್ದರು. ನನ್ನ ಬೆಳ್ಳಿಯನ್ನು ನಂಬುವ ಹಾಗಿರಲಿಲ್ಲವಲ್ಲ. ಮೇಲಕ್ಕೆ ಸರಿಯುವ ಗಾಜಿನ ಬಾಗಿಲಿನ ಒಂದು ಕಪಾಟು, ಅದರ ನೆತ್ತಿಯಲ್ಲಿ ಕೆಟ್ಟ ಗಾಳಿಯನ್ನು ಹೊರಗೆಳೆಯುವ ಫ್ಯಾನು, ಒಳಗೆ ನನ್ನ ಪಾತ್ರೆ ಕೊಳವೆಗಳು. ಮೂರು ವಾರದಿಂದ ಒಂದೇ ದ್ರಾವಣದ ಮೇಲೆ ಪ್ರಯೋಗ ನಡೆದಿತ್ತು. ಬಾಗಿಲನ್ನು ಒಂದು ಗೇಣು ಎತ್ತಿ, ಚಮಚವನ್ನು ಒಳಗಿಟ್ಟು ನಳ್ಳಿ ತಿರುಗಿಸಿದೆ. ಬೆಳ್ಳಿ ಹಳದಿಯಾಯಿತು, ಕಂದಾಯಿತು, ಕಪ್ಪಾಯಿತು. ಮರುಳಯ್ಯನವರು ಮೂಗಿಗೆ ಶಾಲು ಹಿಡಿದು ಬಗ್ಗಿ ನೋಡಿದರು. ಗೆದ್ದೆ ಎಂದುಕೊಂಡೆ. ಗೆದ್ದವನ ಬಾಯಿ ಸುಮ್ಮನಿರಲಿಲ್ಲ. ಬಿಳಿಗೂದಲಿನ ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಭಾಷಣ ಶುರುಮಾಡಿದೆ. ಕರೆಂಟು ಹೋಯಿತು. ಇಲ್ಲಿ ಅದು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಫ್ಯಾನು ನಿಂತರೆ ಮೊದಲು ನಳ್ಳಿ ಮುಚ್ಚಬೇಕು, ಬಾಗಿಲು ಇಳಿಸಬೇಕು. ನಾನು ಭಾಷಣ ಮುಚ್ಚಲಿಲ್ಲ.

ಸ್ವಲ್ಪ ಹೊತ್ತಾಗಿರಬೇಕು. ಮರುಳಯ್ಯನವರು ಶಾಲು ಇಳಿಸಿ ಹೇಳಿದರು: "ಈಗ ವಾಸನಿ ಹೋತು ನೋಡು. ನಿನ್ನ ಗ್ಯಾಸು ತೀರಿತೇನು?"

ನಾನೂ ಮೂಸಿದೆ. ನನಗೂ ಇಲ್ಲ. ಕಪಾಟಿನ ಹೊರಗೆ ಗೋಡೆಗೆ ಅಂಟಿಸಿದ್ದ ಸೀಸದ ಉಪ್ಪಿನ ಬಿಳಿ ಕಾಗದದ ಕಡೆ ಕಣ್ಣು ಹೋಯಿತು. ಗ್ಯಾಸು ತಾಗಿದರೆ ಬಣ್ಣ ತಿರುಗುವ ಕಾಗದ ಅದು. ಕಾಡಿಗೆಯಂತಾಗಿತ್ತು. ವಾಸನೆ ಹೋದದ್ದು ಗ್ಯಾಸು ತೀರಿದ್ದಕ್ಕಲ್ಲ, ನಮ್ಮ ಮೂಗು ಸತ್ತದ್ದಕ್ಕೆ. ಈ ವಿಷದ ಕಪಟವೇ ಅದು: ಮೊದಲು ಕಾವಲುಗಾರನನ್ನು ಮಲಗಿಸುತ್ತದೆ.

"ಅಯ್ನೋರ, ನಡೀರಿ, ಹೊರಗ ನಡೀರಿ," ಎಂದವನೇ ನಳ್ಳಿ ತಿರುಚಿ, ಕಪಾಟಿನ ಬಾಗಿಲು ಇಳಿಸಿ, ಆ ಹಿರಿಯರ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಹೊರಬಿದ್ದೆ. ಅವರ ಶಾಲು ಬಾಗಿಲಿಗೆ ಸಿಕ್ಕಿ ಅಲ್ಲೇ ಉಳಿಯಿತು. ಅಂಗಳದ ಬೇವಿನ ಮರದ ಕೆಳಗೆ ಕೂರಿಸಿದೆ. ಇಬ್ಬರಿಗೂ ಕಣ್ಣಲ್ಲಿ ನೀರು, ತಲೆ ಗಿಮ್ಮೆನ್ನುತ್ತಿತ್ತು.

ಪ್ರೊಫೆಸರು ಓಡಿಬಂದರು. ಬೆಣ್ಣೆಯ ಕನ್ನಡ ಆ ದಿನ ಕಾಯಿಸಿದ ತುಪ್ಪವಾಗಿತ್ತು. ಇಂಥ ಅಲಕ್ಷ್ಯದಿಂದ ರಿಫೈನರಿಗಳಲ್ಲಿ ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಅವನ ಮೇಲೇ ಬೀಳುತ್ತಾನೆ, ಗೊತ್ತಿದೆಯೇನಯ್ಯಾ ಎಂದರು. ಗೊತ್ತಿತ್ತು. ಅದೂ ಬಾಯಿಪಾಠ. ನಡುವೆ ನಿಂತ ಪ್ರಯೋಗ ಕೆಟ್ಟಿತು. ಮೂರು ವಾರದ ದ್ರಾವಣವನ್ನು ಚೆಲ್ಲಿ ಮತ್ತೆ ಮೊದಲಿನಿಂದ ಎಂದಾಯಿತು.

ಮರುಳಯ್ಯನವರು ಎದೆತುಂಬ ಗಾಳಿ ಕುಡಿದರು. ಆಮೇಲೆ ಕೇಳಿದರು, ಕಾರ್ಖಾನೆಯಾಗ ದುಡಿಯೋರಿಗೂ ಹಿಂಗ ಆಗತದೇನು ಎಂದು. ಅಲ್ಲಿ ನಮಗಿಂತ ಹೆಚ್ಚು, ವಾಸನೆ ಹೋಯಿತೆಂದರೆ ಓಡಬೇಕು ಎಂದೆ.

"ಎಳಕೊಂಡು ಬರೂಮುಂದ ನೀ ಯಾರ ಧ್ವನಿಯೊಳಗೂ ಮಾತಾಡಲಿಲ್ಲ ನೋಡು," ಎಂದರು. "ಅಷ್ಟ ಸಾಕು ನನಗ. ಕೋಣಿ ಬಿಡೂದು ಬ್ಯಾಡ."

ಆದರೆ ಕಪ್ಪು ಕರಡಿಗೆ ಪಂಕ್ತಿಯ ಕಣ್ಣಿಗೆ ಬೀಳುವುದೂ ಬ್ಯಾಡ ಎಂದರು. ಲಿಂಗವನ್ನು ಮೈಮೇಲಿಂದ ಬಿಚ್ಚಿಟ್ಟು ಕೆಲಸಕ್ಕೆ ಹೋಗುವಂತಿಲ್ಲ. ಬೆಳ್ಳಿಯನ್ನು ಆ ಕಪಾಟಿನ ಮುಂದೆ ಒಯ್ಯುವಂತಿಲ್ಲ. ಮರುದಿನ ಬೆಳಿಗ್ಗೆ ಅವರೇ ಬಿಳಿಯ ಅರಿವೆಯೊಂದನ್ನು ಹರಿದು, ಅದರಲ್ಲಿ ಲಿಂಗವಿಟ್ಟು ಕಟ್ಟುವ ಗಂಟು ಹೇಳಿಕೊಟ್ಟರು. ಬಡವರು ಹಿಂದಿನಿಂದಲೂ ಹೀಗೇ ಕಟ್ಟುತ್ತಿದ್ದರು ಎಂದರು. ಕರಡಿಗೆಯನ್ನು ಬೂದಿಯಲ್ಲಿ ತಿಕ್ಕಿಸಿ ಮಠದ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಎಲ್ಲ ಸುಖಾಂತ್ಯ ಎಂದು ಬರೆಯುವಷ್ಟು ಉದಾರಿ ನಾನಲ್ಲ. ಚನ್ನಪ್ಪನವರು ಈಗಲೂ ನನ್ನ ತಟ್ಟೆಗೆ ಮೇಲಿನಿಂದಲೇ ರೊಟ್ಟಿ ಬಿಡುತ್ತಾರೆ. ಪಂಕ್ತಿಯಲ್ಲಿ ಮಾರು ಮೊಳವಾಗಿದೆ, ಅಷ್ಟೇ ಲಾಭ. ಪ್ರಯೋಗಶಾಲೆಯ ಹುಡುಗರು ನನ್ನನ್ನು ಸ್ವಾಮೀಜಿ ಎಂದು ಕರೆಯುತ್ತಾರೆ. ಮಠದ ಓಣಿಯಲ್ಲಿ ನನ್ನ ಹೆಸರು ಅಂಡಾ ಇಂಜಿನಿಯರ್. ಹೊಸ ದ್ರಾವಣ ಮೊನ್ನೆ ಮತ್ತೆ ಕೆಟ್ಟಿತು. ಅದು ನನ್ನ ತಪ್ಪಲ್ಲ, ಆದರೂ ಬೈಗುಳ ನನಗೇ.

ಅವ್ವ ಪ್ರತಿ ಕಾಗದದಲ್ಲೂ ಕರಡಿಗೆ ಜ್ವಾಕಿ ಅದನೇನು ಎಂದು ಬರೆಸುತ್ತಾಳೆ. ಜ್ವಾಕಿ ಅದ ಎಂದು ಬರೆಯುತ್ತೇನೆ, ಸುಳ್ಳಲ್ಲ. ಬೆಳ್ಳಿ ಗೋದೌಲಿಯಾದಲ್ಲಿ ಬೀಗದೊಳಗೆ ಹೊಳೆಯುತ್ತಿದೆ. ಲಿಂಗ ಅರಿವೆಯಲ್ಲಿ ಸುತ್ತಿಕೊಂಡು ನನ್ನೊಂದಿಗೆ ದಿನವೂ ಗಬ್ಬಿನ ಮುಂದೆ ನಿಲ್ಲುತ್ತದೆ. ಬೇಸಿಗೆಯ ರಜೆಗೆ ಊರಿಗೆ ಹೋಗುವವನಿದ್ದೇನೆ. ಬೀಗ ತೆಗೆಸಲೇ ಎಂದು ಮರುಳಯ್ಯನವರು ನಿನ್ನೆ ಕೇಳಿದರು. ಬೆಳ್ಳಿ ಕಟ್ಟಿಕೊಂಡು ಹೋದರೆ ಅವ್ವನಿಗೆ ನೆಮ್ಮದಿ, ಅರಿವೆ ಕಟ್ಟಿಕೊಂಡು ಹೋದರೆ ಅವಳಿಗೆ ಇಲ್ಲಿಯದೆಲ್ಲ ಹೇಳಬೇಕು. ನಾಳೆ ಹೇಳುತ್ತೇನೆ ಅಯ್ನೋರ ಎಂದು ಬಂದಿದ್ದೇನೆ.