ಬ್ಯಾಗಿನಲ್ಲಿ ಹೋಗುತ್ತಿದ್ದ ಮನೆಯ ಕಾವು

ಜರ್ಮನಿಯ ಎರಡನೆಯ ಚಳಿಗಾಲದಲ್ಲಿ ನಮ್ಮ ಮನೆಯ ಕಾವು ದಿನಾ ಬೆಳಿಗ್ಗೆ ಏಳೂಕಾಲಿಗೆ ನಮ್ಮ ಮನೆಯವರ ಬ್ಯಾಗಿನಲ್ಲಿ ಕೂತು ಆಫೀಸಿಗೆ ಹೋಗುತ್ತಿತ್ತು. ಊಟದ ಡಬ್ಬಿಯ ಪಕ್ಕದಲ್ಲಿ, ಹಳೆಯ ಕಾಲುಚೀಲದೊಳಗೆ ಮೂರು ಬಿಳಿ ಪ್ಲಾಸ್ಟಿಕ್ ನಾಬುಗಳು. ಸಂಜೆ ಆರಕ್ಕೆ ಅವರೊಂದಿಗೇ ಮರಳಿ ಬರುತ್ತಿದ್ದವು. ನಡುವಿನ ಹನ್ನೊಂದು ತಾಸು ನಾನು ಮತ್ತು ನನ್ನ ಒಂಬತ್ತು ವರ್ಷದ ಮಗಳು ಸ್ಮಿತಾ ಚಳಿಯಲ್ಲಿರಬೇಕೆಂಬುದು ಅವರ ಲೆಕ್ಕ.

ಇಲ್ಲಿ ಪ್ರತಿ ಕಿಟಕಿಯ ಕೆಳಗೂ ಒಂದು ಕಬ್ಬಿಣದ ಹಲಗೆ ಇರುತ್ತದೆ. ಒಳಗೆ ಬಿಸಿನೀರು ಹರಿಯುತ್ತದೆ. ಇದಕ್ಕೆ ಹೈಟ್ಸುಂಗ್ ಎನ್ನುತ್ತಾರೆ. ಪಕ್ಕದ ನಾಬಿನ ಮೇಲೆ ಸೊನ್ನೆಯಿಂದ ಐದರವರೆಗೆ ಅಂಕಿಗಳು. ಹಲಗೆಯ ಎದೆಯ ಮೇಲೆ ಬೆರಳುದ್ದದ ಗಾಜಿನ ಕೊಳವೆ, ಅದರಲ್ಲಿ ಬಣ್ಣದ ದ್ರವ. ಹಲಗೆ ಕಾದಷ್ಟೂ ದ್ರವ ಆರುತ್ತದೆ, ಆರಿದಷ್ಟೂ ಬಿಲ್ಲು ಏರುತ್ತದೆ. ಬಾಗಲಕೋಟೆಯಲ್ಲಿ ನಾವು ಏಪ್ರಿಲ್ ತಿಂಗಳಲ್ಲಿ ಮಾಳಿಗೆಗೆ ನೀರು ಹೊಡೆದು, ಕಿಟಕಿಗೆ ಒದ್ದೆ ಚಾದರ ಕಟ್ಟಿ ಕಾವನ್ನು ಓಡಿಸುವವರು. ಕಾವನ್ನು ಕೊಂಡು ತರುವ ದೇಶವಿದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ನಾವು ಬಂದದ್ದು ಗ್ರೀನ್ ಕಾರ್ಡಿನ ಮೇಲೆ. ಕಂಪ್ಯೂಟರಿನವರಿಗೆ ಜರ್ಮನಿ ಐದು ವರ್ಷದ ಬಾಗಿಲು ತೆರೆದಿದ್ದ ಕಾಲ ಅದು. ನಮ್ಮ ಮನೆಯವರಿಗೆ ಆಗ ನಲವತ್ತೆರಡು. ಫೊಯರ್‌ಬಾಕ್ ಎಂಬಲ್ಲಿ ಸಾಫ್ಟ್‌ವೇರ್ ಕೆಲಸ, ಅಲ್ಲೇ ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅವರ ವೀಸಾ ನನ್ನ ಮತ್ತು ಮಗಳ ವೀಸಾಕ್ಕೆ ಆಧಾರ. ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ.

ಮೊದಲ ಚಳಿಗಾಲದಲ್ಲಿ ತಪ್ಪು ಮಾಡಿದವಳು ನಾನೇ. ಬೆಳಿಗ್ಗೆ ಆರಕ್ಕೆ ಜೋಳದ ರೊಟ್ಟಿ ಬಡಿಯಲು ಕೂತರೆ ಎರಡನೆಯ ರೊಟ್ಟಿಗೇ, ಎಲ್ಲ ಮನೆಗಳಿಗೂ ಏರಿಹೋಗುವ ಹೈಟ್ಸುಂಗಿನ ಕಬ್ಬಿಣದ ಕೊಳವೆಯೊಳಗಿಂದ ಟಣ್ ಟಣ್ ಟಣ್ ಎಂದು ಕೇಳುತ್ತಿತ್ತು. ಕೆಳಗಿನ ಮನೆಯ ಫ್ರಾವ್ ಕ್ಲೈನ್, ಟ್ರಾಮ್ ಡಿಪೋದಲ್ಲಿ ದುಡಿದು ನಿವೃತ್ತಳಾದ ವಿಧವೆ, ಚಮಚದಿಂದ ಕೊಳವೆಗೆ ಬಡಿದು ಸದ್ದು ನಿಲ್ಲಿಸಿ ಎನ್ನುತ್ತಿದ್ದಳು. ನಾನು ರೊಟ್ಟಿಯನ್ನು ಎಂಟು ಗಂಟೆಗೆ ತಳ್ಳಿದೆ. ಆಮೇಲೆ ಒಗ್ಗರಣೆಯ ಘಾಟು. ಮೆಟ್ಟಿಲ ತುಂಬ ಕೆಮ್ಮು ಕೇಳಿ ನಾಚಿಕೆಯಾಗಿ ಅಡುಗೆಮನೆಯ ಕಿಟಕಿಯನ್ನು ದಿನವಿಡೀ ವಾರೆ ತೆರೆದಿಟ್ಟೆ. ಚಳಿ ಒಳಗೆ ಬಂತು, ನಾಬನ್ನು ಐದಕ್ಕೆ ತಿರುಗಿಸಿದೆ. ಐದು ತಿಂಗಳು ಬೀದಿಗೆ ಕಾವು ಕೊಟ್ಟೆ.

ಫ್ರಾವ್ ಕ್ಲೈನ್ ಒಂದು ದಿನ ಮೇಲೆ ಬಂದು ಕಿಟಕಿ ನೋಡಿ ತಲೆಗೆ ಕೈ ಹಚ್ಚಿದಳು. ನಾಬು ಮುಚ್ಚಿ, ಕಿಟಕಿಯನ್ನು ಪೂರ್ತಿ ತೆರೆದು, ಗಡಿಯಾರದ ಮುಂದೆ ಐದು ಬೆರಳು ತೋರಿಸಿದಳು: ಐದೇ ನಿಮಿಷ, ಆಮೇಲೆ ಬಂದ್. ಒಂದು ರೊಟ್ಟಿ ತಿಂದು, ಚಟ್ನಿಪುಡಿಗೆ ಕಣ್ಣೀರು ಸುರಿಸಿ, ಹೋಗುವಾಗ ಸ್ಮಿತಾಳಿಗೆ ಏನೋ ಹೇಳಿದಳು.

"ಏನಂತವಾ?"

"ನಮಗೇನರ ಬೇಕಾದ್ರ ನಾವೂ ಪೈಪಿಗೆ ಬಡೀಬೇಕಂತ, ಅವ್ವಾ. ಆಕಿ ಒಬ್ಬಾಕಿನ ಬಡಿಯೋದು ಚೊಲೋ ಅಲ್ಲಂತ."

ಅವಳು ಕಲಿಸಿದ್ದು ಫೆಬ್ರವರಿ ಕೊನೆಗೆ. ವಸಂತದಲ್ಲಿ ವರ್ಷದ ಬಿಲ್ಲು ಬಂತು. ತಿಂಗಳ ಬಾಡಿಗೆಗಿಂತ ದೊಡ್ಡದು. ನಮ್ಮ ಮನೆಯವರು ಅದನ್ನು ಎರಡು ಸಲ ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡು ನನ್ನ ಕಪಾಳಕ್ಕೆ ಹೊಡೆದರು. ಹದಿಮೂರು ವರ್ಷದ ಸಂಸಾರದಲ್ಲಿ ಅದು ಮೊದಲನೆಯದು. ಮೊದಲನೆಯದು ಬೀಳುವುದಷ್ಟೇ ತಡ. ಆಮೇಲೆ ಲೈಟು ಆರಿಸದಿದ್ದರೆ, ಬಿಸಿನೀರು ಹೆಚ್ಚು ಬಿಟ್ಟರೆ, ಕೈ ತಾನಾಗಿ ಬರುತ್ತಿತ್ತು. ಅಕ್ಟೋಬರಿನಲ್ಲಿ ನಾನು ನಾಬನ್ನು ಎರಡಕ್ಕೆ ತಿರುಗಿಸುತ್ತಿದ್ದುದನ್ನು ಕಂಡು ನನ್ನ ಜಡೆ ಹಿಡಿದು ಕೂರಿಸಿ, ಕೆನ್ನೆಯನ್ನು ಹಲಗೆಗೆ ಒತ್ತಿ ಹಿಡಿದರು.

"ಹೆಂಗೈತಿ?"

"ತಣ್ಣಗೈತ್ರಿ."

"ಹಿಂಗ ಇರಬೇಕು. ನಿಮ್ಮಪ್ಪ ಕಟ್ಟತಾನೇನು ಬಿಲ್ಲು?"

ಮರುದಿನದಿಂದ ನಾಬುಗಳು ಬ್ಯಾಗು ಸೇರಿದವು. ಸೊನ್ನೆಗೆ ತಿರುಗಿಸಿ, ನಟ್ಟು ಸಡಿಲಿಸಿ, ಕಳಚಿಕೊಂಡು ಹೊರಟರು. ನಾಬು ಇಲ್ಲದ ಹೈಟ್ಸುಂಗ್ ಸತ್ತಂತೆ ಎಂದು ಅವರ ತಿಳಿವಳಿಕೆ.

ಅವರು ಹೋಗಿ ಅರ್ಧ ತಾಸಿಗೆ ಮೂರೂ ಹಲಗೆಗಳು ಕೈಯಿಡಲಾಗದಷ್ಟು ಕಾದಿದ್ದವು.

ನಾನು ಹೆದರಿದೆ. ಬಗ್ಗಿ ನೋಡಿದರೆ, ನಾಬು ಇದ್ದ ಜಾಗದಲ್ಲಿ ಸಣ್ಣದೊಂದು ಕಡ್ಡಿ ಹೊರಗೆ ಚಾಚಿಕೊಂಡಿತ್ತು. ಹೆಬ್ಬೆರಳಿಂದ ಒತ್ತಿದೆ, ನೀರಿನ ಸದ್ದು ನಿಂತಿತು. ಬಿಟ್ಟೆ, ಮತ್ತೆ ಹರಿಯಿತು. ಕಡ್ಡಿಯನ್ನು ಒಳಗೆ ತಳ್ಳಿ ಹಿಡಿಯುವುದಷ್ಟೇ ನಾಬಿನ ಕೆಲಸ. ಕಳಚಿದರೆ ಬಾಗಿಲು ಪೂರ್ತಿ ತೆರೆದಂತೆ. ಎಂಜಿನಿಯರಿಗೆ ಗೊತ್ತಾಗದ್ದು ಹೆಬ್ಬೆರಳಿಗೆ ಗೊತ್ತಾಯಿತು.

ಸ್ಮಿತಾಳ ಎದೆ ಆ ತಿಂಗಳು ಪೀಪಿಯಂತೆ ಊದುತ್ತಿತ್ತು. ತಣ್ಣನೆ ಮನೆಯಲ್ಲಿಟ್ಟರೆ ಈ ಸಲ ಆಸ್ಪತ್ರೆ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ನಾನು ದುಂದು ಮಾಡುವವಳಲ್ಲ. ಯೂರೋ ಬಂದ ಮೇಲೆ ಕೆಲಸಕ್ಕೆ ಬಾರದೆ ಉಳಿದ ಹತ್ತು ಫೆನಿಗ್‌ನ ಹಳೆಯ ನಾಣ್ಯಗಳು ಡಬ್ಬಿಯಲ್ಲಿದ್ದವು. ಮಲಗುವ ಕೋಣೆ ಮತ್ತು ಅಡುಗೆಮನೆಯ ಕಡ್ಡಿಗಳ ಮೇಲೆ ಒಂದೊಂದು ನಾಣ್ಯ ಒತ್ತಿ, ಲಂಗದ ಲಾಡಿಯಿಂದ ಬಿಗಿದು ಕಟ್ಟಿ ಅವೆರಡನ್ನೂ ಬಂದ್ ಮಾಡಿದೆ. ಹೊರಕೋಣೆಯದೊಂದನ್ನು ಬಿಟ್ಟೆ. ಮಗಳ ಓದು, ಊಟ, ಹಗಲಿನ ನಿದ್ದೆ ಎಲ್ಲ ಅದರ ಮುಂದೆ. ಐದು ಗಂಟೆಗೆ ಅದಕ್ಕೂ ನಾಣ್ಯ ಕಟ್ಟಿ, ಕಿಟಕಿಗಳನ್ನು ಐದು ನಿಮಿಷ ತೆರೆದು ಮುಚ್ಚುತ್ತಿದ್ದೆ. ಬೂಟಿನ ಸದ್ದು ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಲಾಡಿಗಳನ್ನು ಬಿಚ್ಚಿ ರವಿಕೆಯೊಳಗೆ ಸೇರಿಸುತ್ತಿದ್ದೆ.

"ಚಳಿ ಆಗೇತೇನು ನಿನಗ?" ಎಂದು ಅವರು ಮಗಳನ್ನು ಕೇಳುತ್ತಿದ್ದರು.

"ನೈನ್," ಇಲ್ಲ, ಎನ್ನುತ್ತಿದ್ದಳು. ಅಪ್ಪನಿಗೆ ಸುಳ್ಳು ಹೇಳಬೇಕಾದಾಗ ಜರ್ಮನ್ ಬಳಸುತ್ತಿದ್ದಳು.

ಜನವರಿಯಲ್ಲಿ ಗಾಜಿನ ಕೊಳವೆ ಓದುವವನು ಬರುತ್ತಾನೆಂದು ಮೆಟ್ಟಿಲ ಬುಡದಲ್ಲಿ ಚೀಟಿ ಅಂಟಿಸಿದರು. ಅವನು ವರ್ಷಕ್ಕೊಮ್ಮೆ ಬಂದು ದ್ರವ ಎಷ್ಟು ಆರಿದೆ ಎಂದು ಬರೆದುಕೊಳ್ಳುತ್ತಾನೆ. ನಮ್ಮ ಮನೆಯವರು ಆ ದಿನ ರಜೆ ಹಾಕಿದರು. ತಮ್ಮ ಗೆಲುವನ್ನು ಕಣ್ಣಾರೆ ನೋಡಬೇಕಿತ್ತು. ಮುಂಜಾನೆ ಅವರು ನಾಬುಗಳನ್ನು ಕಳಚಿಕೊಂಡೇ ಹಾಲು ತರಲು ಹೋದಾಗ, ಹಲಗೆ ಕಾಯಬಾರದೆಂದು ಮೂರಕ್ಕೂ ನಾಣ್ಯ ಕಟ್ಟಿದೆ. ಅವರು ಬೇಗ ಬಂದರು. ಎರಡು ಬಿಚ್ಚಿದೆ. ಮಲಗುವ ಕೋಣೆಯದು ಉಳಿಯಿತು; ಅಲ್ಲಿಗೆ ಅವರು ನಾಬು ಹಾಕುವ ಮೊದಲೇ ಓದುವವನು ಗಂಟೆ ಒತ್ತಿದ.

ಓದುವವನು ಗಡ್ಡದ ಮನುಷ್ಯ, ನಗುಮುಖ. ಅವನ ಜರ್ಮನ್ ಮಾತನ್ನು ಸ್ಮಿತಾ ಆಮೇಲೆ ನನಗೆ ಬಿಡಿಸಿ ಹೇಳಿದಳು. ಅಡುಗೆಮನೆಯಲ್ಲಿ ಟಾರ್ಚು ಹಿಡಿದು, "ಇಷ್ಟೇ?" ಎಂದ. ನಮ್ಮ ಮನೆಯವರು ನನ್ನತ್ತ ಹುಬ್ಬು ಹಾರಿಸಿದರು. ಹೊರಕೋಣೆಯಲ್ಲಿ ಅವನು ಸೀಟಿ ಹೊಡೆದ. ದ್ರವ ತಳ ಮುಟ್ಟುವುದರಲ್ಲಿತ್ತು.

"ಸಾಧ್ಯವಿಲ್ಲ. ನಾನು ದಿನಾ ನಾಬು ಕಳಚಿಕೊಂಡು ಹೋಗುತ್ತೇನೆ," ಎಂದರು ಇವರು.

ಅವನು ಇವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಾಬು ಕಳಚಿ, ಹೆಬ್ಬೆರಳಿಂದ ಕಡ್ಡಿಯನ್ನು ಒತ್ತಿ ಬಿಟ್ಟು ತೋರಿಸಿದ. "ಕಳಚಿದರೆ ಇದು ಪೂರ್ತಿ ತೆರೆಯುತ್ತದೆ ಸ್ವಾಮಿ. ತಾವು ಎಂಜಿನಿಯರ್ ಅಲ್ಲವೇ?" ಮಲಗುವ ಕೋಣೆಯಲ್ಲಿ ನಾಣ್ಯ, ಲಾಡಿ ಕಂಡು ಜೋರಾಗಿ ನಕ್ಕ. "ಯಾರ ಉಪಾಯ ಇದು? ನಿಮ್ಮ ಹೆಂಡತಿಯದೇ? ಈ ಮನೆಯಲ್ಲಿ ಒಬ್ಬರಿಗಾದರೂ ಹೈಟ್ಸುಂಗ್ ಅರ್ಥವಾಗಿದೆ."

ಪಾಪ, ಅವನು ಹೊಗಳಿದ್ದು. ಸಹಿ ಹಾಕಿಸಿಕೊಂಡು ಹೋದ.

ನಮ್ಮ ಮನೆಯವರು ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿದರು. ಹಾಕಿದ್ದ ಎರಡು ನಾಬುಗಳನ್ನು ಮತ್ತೆ ಕಳಚಿದರು. ಒಂದು ಬ್ಯಾಗಿಗೆ ಹೋಯಿತು, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಮೂರು ತಿಂಗಳಿಂದ ನನ್ನ ನೋಡಿ ನಗಾಕತ್ತಿದ್ದಿ?"

"ನಗಲಿಲ್ರೀ. ಕೂಸಿನ ಎದಿ..."

ನಾಬು ನನ್ನ ಎಡ ಹುಬ್ಬಿಗೆ ಬಡಿಯಿತು. ಪ್ಲಾಸ್ಟಿಕ್ಕಾದರೂ ಬುಡದ ನಟ್ಟು ಲೋಹದ್ದು. ರಕ್ತ ಕಣ್ಣೊಳಗೆ ಇಳಿದು ಏನೂ ಕಾಣದಾಯಿತು. ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು ನೆನಪಿದೆ: ಕುರ್ಚಿ ಬಿದ್ದ ಸದ್ದು, ನನ್ನ ತಲೆ ಗೋಡೆಗೆ ತಗುಲಿದ ಸದ್ದು, ಒಂದು, ಮತ್ತೊಂದು. ಕೈ ಅಡ್ಡ ತಂದೆ, ಬೆರಳು ತಿರುಚಿದರು. ಪಕ್ಕೆಗೆ ಬೂಟು ಬಿತ್ತು. ನಾನು ಕೂಗಲಿಲ್ಲ. ಕೂಗಿದರೆ ನೆರೆಯವರಿಗೆ ಕೇಳಿಸುತ್ತದೆ ಎಂಬ ನಾಚಿಕೆ ಆಗಲೂ ಇತ್ತು.

ಆಗ ಅಡುಗೆಮನೆಯಿಂದ ಟಣ್ ಟಣ್ ಟಣ್ ಎಂದು ಕೇಳಿತು. ಕೆಮ್ಮಿನಿಂದ ಆ ದಿನ ಶಾಲೆಗೆ ಹೋಗದೆ ಮಲಗಿದ್ದ ಸ್ಮಿತಾ ಲಟ್ಟಣಿಗೆ ಹಿಡಿದು ಕೊಳವೆಗೆ ಬಡಿಯುತ್ತಿದ್ದಳು. ಕೆಮ್ಮುತ್ತಾ ಬಡಿದಳು. ಅಪ್ಪ ಗದರಿಸಿದಾಗ ಇನ್ನೂ ಜೋರಾಗಿ ಬಡಿದಳು. ಕಟ್ಟಡದ ಐದೂ ಮಹಡಿಗಳ ಕಬ್ಬಿಣ ಅವಳ ಕೈಯಲ್ಲಿ ಕೂಗಿಕೊಂಡಿತು.

ಕೆಳಗಿನಿಂದ ಒಂದೇ ಉತ್ತರ ಬಂತು: ಟಣ್.

ಫ್ರಾವ್ ಕ್ಲೈನ್ ಪೊಲೀಸರಿಗೆ ಫೋನು ಮಾಡಿ, ಮೇಲೆ ಬಂದು ನಮ್ಮ ಬಾಗಿಲ ಗಂಟೆಯ ಮೇಲೆ ಬೆರಳಿಟ್ಟವಳು ಪೊಲೀಸರು ಬರುವವರೆಗೆ ತೆಗೆಯಲಿಲ್ಲ. ಬಂದವರು ಇಬ್ಬರು, ಒಬ್ಬಳು ಹೆಂಗಸು. ಅವಳು ನನ್ನ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದು ಹೇಳಿದ್ದನ್ನು ಸ್ಮಿತಾ ಬಿಕ್ಕುತ್ತಾ ಕನ್ನಡಕ್ಕೆ ತಂದಳು.

"ಹೊಡೆದವರು ಹೊರಗ ಹೋಗ್ಬೇಕಂತ. ಮೊದಲ ಹತ್ತು ದಿನ. ನಾವ ಇಲ್ಲೇ ಇರ್ಬೇಕಂತ."

ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಹೊಡೆಸಿಕೊಂಡವಳು ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ. "ನಾಳೆ ಅವರಿಗೆ ಆಫೀಸೈತಿ, ಎಲ್ಲಿ ಹೋಗಬೇಕು ಅಂತ ಕೇಳವಾ," ಎಂದೆ.

"ಅದು ನಿನ್ನ ಚಿಂತಿ ಅಲ್ಲಂತವ್ವಾ."

ಅವರು ಕೋಟು ಹಾಕಿಕೊಳ್ಳುತ್ತಾ ಮೆಲ್ಲಗೆ, ಪೊಲೀಸರಿಗೆ ತಿಳಿಯದ ಕನ್ನಡದಲ್ಲಿ ಹೇಳಿದರು: "ನಾ ಇದ್ರ ನಿನ್ನ ವೀಸಾ. ನೆನಪಿಟ್ಟಿರು. ತಾಯಿ ಮಗಳು ಬಾಗಲಕೋಟಿ ಬಸ್ ಸ್ಟ್ಯಾಂಡಿನ್ಯಾಗ ಕುಂದರ್ತೀರಿ."

ಹೇಳಿ ಬ್ಯಾಗು ಹೆಗಲಿಗೇರಿಸಿದರು. ನಾನು ಗೋಡೆ ಹಿಡಿದು ಎದ್ದು ನಿಂತೆ. ನನಗೆ ಆಗ ಬರುತ್ತಿದ್ದ ಜರ್ಮನ್ ತರಕಾರಿ ಅಂಗಡಿಯದು. ಅದರಲ್ಲೇ ಆ ಪೊಲೀಸ್ ಹೆಂಗಸಿಗೆ ಹೇಳಿದೆ: "ಬ್ಯಾಗು. ಒಳಗೆ. ನಮ್ಮ ಹೈಟ್ಸುಂಗ್."

ಅವಳು ಕಾಲುಚೀಲ ಹೊರಗೆಳೆದು ಮೇಜಿನ ಮೇಲೆ ಸುರಿದಳು. ಎರಡು. ಮೂರನೆಯದು ಕುರ್ಚಿಯ ಕೆಳಗೆ, ನನ್ನ ರಕ್ತ ಹಚ್ಚಿಕೊಂಡು ಬಿದ್ದಿತ್ತು. ಫ್ರಾವ್ ಕ್ಲೈನ್ ಅದನ್ನು ತೊಳೆದು ಒರೆಸಿ, ಹೊರಕೋಣೆಯ ಹಲಗೆಗೆ ತಾನೇ ತಿರುಗಿಸಿ ಕೂರಿಸಿದಳು. ಅಂಕಿಯನ್ನು ತೋರಿಸಿ "ಡ್ರೈ," ಎಂದಳು. ಮೂರು.

ಅವರು ಮರಳಿ ಬರಲಿಲ್ಲ, ನಾವೂ ಕರೆಯಲಿಲ್ಲ. ವೀಸಾ ಹೋಗಲಿಲ್ಲ, ಉಳಿಸಿಕೊಳ್ಳಲು ಎರಡು ವರ್ಷ ಕಚೇರಿಗಳ ಬೆಂಚು ಸವೆಸಿದೆ. ಈಗ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಆ ವರ್ಷದ ಹೈಟ್ಸುಂಗ್ ಬಿಲ್ಲು ಏಪ್ರಿಲಿನಲ್ಲಿ ಬಂದಾಗ ಮೊದಲ ವರ್ಷದ್ದಕ್ಕಿಂತ ಕಡಿಮೆಯಿತ್ತು. ಎರಡು ಹಲಗೆಗಳು ಚಳಿಗಾಲವಿಡೀ ಹತ್ತು ಫೆನಿಗ್‌ನ ಕೆಳಗೆ ಮಲಗಿದ್ದವಲ್ಲ.

ಹುಬ್ಬಿನ ಮೇಲೆ ಗಾಯದ ಗೆರೆ ಉಳಿದಿದೆ. ಇಲ್ಲಿ ಡಾಕ್ಟರು ಕೇಳಿದರೆ ಗಂಡ ಹೊಡೆದದ್ದು ಎಂದು ನೇರವಾಗಿ ಹೇಳುತ್ತೇನೆ. ಊರಿಗೆ ಬಂದರೆ ನನ್ನ ಬಾಯಿ ತಾನಾಗಿ ಬೇರೆ ಹೇಳುತ್ತದೆ. ಹೋದ ಬೇಸಿಗೆಯಲ್ಲಿ ಬಾಗಲಕೋಟೆಯ ಮಾಳಿಗೆಯ ಮೇಲೆ ಅಕ್ಕ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಅಲ್ಲಿ ಬೆರಳು ನಿಲ್ಲಿಸಿದಳು.

"ಏನ ಇದು?"

"ಬರ್ಫದ ಮ್ಯಾಲ ಜಾರಿ ಬಿದ್ದಿದ್ದೆ."

"ಬರ್ಫದ ಮ್ಯಾಲ ಬಿದ್ದವರಿಗೆ ಮೊಣಕಾಲು ಒಡಿಬೇಕು. ನಿನಗ ಹುಬ್ಬು ಒಡೀತು."

ನಾನು ಎಣ್ಣೆಯ ಬಟ್ಟಲನ್ನು ಅವಳತ್ತ ಸರಿಸಿದೆ. ಅಕ್ಕ ಮತ್ತೆ ಎಣ್ಣೆ ತಿಕ್ಕತೊಡಗಿದಳು. ಅವಳ ಅಂಗೈ ಬೆಚ್ಚಗಿತ್ತು, ಬಿಸಿಲು ಬೆಚ್ಚಗಿತ್ತು, ಯಾವುದಕ್ಕೂ ಬಿಲ್ಲು ಇರಲಿಲ್ಲ. ಆದರೂ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬರುವುದು ಜನವರಿಯ ಆ ಮೂರನೆಯ ಮಹಡಿಯಲ್ಲಿ, ಬೆನ್ನಿಗೆ ಹೈಟ್ಸುಂಗ್ ಕೊಟ್ಟು ಕೂತಾಗ. ಇದನ್ನೂ ಅಲ್ಲಿ ಕೂತೇ ಬರೆಯುತ್ತಿದ್ದೇನೆ. ನಾಬು ಮೂರಕ್ಕಿದೆ. ಅಕ್ಕಾ, ನೀನು ಇದನ್ನು ಓದುತ್ತೀ ಎಂದು ಗೊತ್ತಿದ್ದೇ ಬರೆದಿದ್ದೇನೆ.